ಎರಡರಿಂದ ಐದು

ಮಂಗಳವಾರ ರಬಕವಿ ಮಗ್ಗಗಳಿಗೆ
ಎರಡರಿಂದ ಐದು ಕರೆಂಟಿಲ್ಲ.
ಲೈನು ರಿಪೇರಿ ಅಂತಾರ.
ಯಾವ ಲೈನು, ಯಾರೂ ಕೇಳಿಲ್ಲ.

ಓಣಿ ತುಂಬ ಖಟಪಟ ಅಂತಿದ್ದದ್ದು ಒಮ್ಮೆಲೇ ನಿಂತಾಗ
ಮೊದಲ ಕೇಳಿಸೋದು ನಮ್ಮ ಕಿವ್ಯಾಗಿನ ಮಗ್ಗ.
ಅದು ನಿಲ್ಲಾಕ ಹೊತ್ತು ಹಿಡಿತೈತಿ.
ಆಮ್ಯಾಲ ಕಾಗಿ. ಆಮ್ಯಾಲ ಯಾರದೋ ಮನಿ ಕುಕ್ಕರಿನ ಸೀಟಿ.
ಆಮ್ಯಾಲ, ಕೇಳೋದಲ್ಲ ಇದು, ಮೂಗಿಗೆ ಬರೋದು:
ಗಿರಣಿ ಮ್ಯಾಲಿನ ಖೋಲ್ಯಾಗ
ಹಾಜಿಲಾಲ ದಪ್ಪು ಕಾಸಾಕ ಸುಟ್ಟ ಹಳೇ ಪೇಪರಿನ ವಾಸನಿ.

ಅದೇ ನಮ್ಮ ಸಂಘ.
ರಜಿಸ್ಟರ್ ನಂಬರ್ ಅಂತ ಬರದು ಮುಂದ ಖಾಲಿ ಬಿಟ್ಟ ಬೋರ್ಡು,
ಹಿಟ್ಟಿನ ಧೂಳು ಕುಂತ ಒಂದು ಜಮಖಾನಿ,
ಚಾ ಚಂದಾ ತಲಿಗೆ ಹತ್ತು ರೂಪಾಯಿ.
ದನಿ ಇಲ್ಲದವಗ ತಾಳ ಕೊಡತಾರ.
ನನ್ನ ಕೈಯಾಗ ಇಪ್ಪತ್ತು ವರ್ಷ ಆತು ತಾಳ.

ಹರದೇಶಿ ಪಾಳಿ ದುಂಡಪ್ಪ ಮುರಗುಂಡಿದು.
ಎಂಟು ಮಗ್ಗದ ಮಾಲಕ, ದನಿಗೂ ಮಾಲಕ.
ನಾಗೇಶಿ ಹಾಡೋ ಶ್ರೀಶೈಲ
ಹೆಂಗಸಿನ ದನಿ ತಗೀತಾನ, ಮೀಸಿ ತಗಿಯೋದಿಲ್ಲ.
ಇವತ್ತ ಅವನಿಲ್ಲ,
ಮೂಲವ್ಯಾಧಿ ಆಪರೇಷನ್ನಿಗೆ ಜಮಖಂಡಿಗೆ ಹೋಗ್ಯಾನ.

ಎದುರಾಳಿ ಇಲ್ಲದ ಸವಾಲು
ಖಾಲಿ ಗೋಡಿಗೆ ಒಗದ ಚೆಂಡು.
ಆದ್ರೂ ದುಂಡಪ್ಪ ಒಗದ.
ತುಂತುಣಿ ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ:

ಹಾಸೇ ಹಿರಿದವ್ವ,
ಹಾಸಿಲ್ಲದ ಹೊಕ್ಕು ಎಲ್ಲಿ ಹೊಕ್ಕೀತು?
ಬಾಗಿಲಿಲ್ಲದ ಮನ್ಯಾಗ
ಸೊಸಿ ಎಲ್ಲಿ ಹೊಕ್ಕಾಳು?

ಗೀಯ ಅಂತ ನಾವು ಎಳದಿವಿ.
ಎಳದದ್ದು ಮುಗಿಯೋದ್ರಾಗ
ಮೆಟ್ಟಲದ ಮ್ಯಾಲ ಬಾಳವ್ವ.
ಸೆರಗಿನಾಗ ಹತ್ತಿ ಎಳಿ, ಮೂಗಿನ ತುದಿಗೂ ಒಂದು.
ಹಾಡು ಕೇಳಾಕ ಬಂದಾಕಿ ಅಲ್ಲ,
ಮೂರು ವಾರದ ಕಂಡಿಕಿ ಲೆಕ್ಕ ಕೇಳಾಕ ಬಂದಾಕಿ.
ಬಲಗಿವಿ ಮಗ್ಗಕ್ಕ ಕೊಟ್ಟು ವರ್ಷಾತು,
ಎಡಗಿವಿ ಮುಂದ ಮಾಡಿ ನಿಂತಳು,
ಸವಾಲು ಪೂರಾ ಕೇಳಿದಳು.

ಲೆಕ್ಕ ಕೇಳಲಿಲ್ಲ.
ಚಪ್ಪಲಿ ಬಿಟ್ಟು ಒಳಗ ಬಂದಳು.
ಗಂಟಲು ಸರಿಮಾಡಿಕೊಳ್ಳಲೂ ಇಲ್ಲ:

ಹಾಸು ಬಿಗದು ಕುಂತೈತಿ, ಕುಂತಲ್ಲೇ ಹಿರೇತನ.
ಹೊಕ್ಕು ಹಗಲೆಲ್ಲ ಓಡೈತಿ, ಓಡಿದ್ದಕ್ಕಿಲ್ಲ ಹೆಸರ.

ಹಾಜಿಲಾಲನ ಬೆರಳು ದಪ್ಪಿನ ಮ್ಯಾಲ
ಬೀಳೋದು ಮರತು, ಆಮ್ಯಾಲ ಎರಡು ಸಲ ಬಿತ್ತು.
ನನ್ನ ತಾಳ ತಪ್ಪಿತು. ಇಪ್ಪತ್ತು ವರ್ಷದಾಗ ಮೊದಲ ಸಲ
ಅಂತ ನಾ ಹೇಳತೀನಿ, ಉಳಿದವರು ನಗತಾರ.

ಅಕಿ ನಿಲ್ಲಿಸಲಿಲ್ಲ.
ತಗ್ಗಿನ ದನಿ, ಒರಟು,
ಬಾವಿಯಿಂದ ತುಂಬಿದ ಕೊಡ ಎಳಿವಾಗ
ಕಲ್ಲಿಗೆ ತಾಕಿದಂಗ ಅಲ್ಲಲ್ಲಿ:

ಹಿರೀದ್ಯಾವುದು ಕೇಳಬ್ಯಾಡ ಹರದೇಶಿ ಅಣ್ಣಾ,
ಸೀರಿ ಹರಿಯೋ ದಿನ
ಮೊದಲ ಹರಿಯೋದು ಯಾವುದು, ಅದನ್ನ ಕೇಳ.
ಹೊಲಿಯೋ ಕೈ ನಂದೈತಿ, ನನಗ ಗೊತ್ತೈತಿ,
ಮೊದಲ ಹರಿಯೋದು...

ಟಕ್ ಅಂದು ಫ್ಯಾನ ತಿರಗಿತು.
ನಾಕೂ ಇಪ್ಪತ್ತಕ್ಕೇ.
ಕೆಳಗ ಗಿರಣಿ ಹೂಂಕರಿಸಿತು,
ಓಣ್ಯಾಗ ಒಂದು ಮಗ್ಗ, ನಾಕು, ನಲವತ್ತು.
ಮಂದಿ ಎದ್ದು ಧೋತರ ಝಾಡಿಸಿದರು.
ಯಾರ ಬಾಯಿ ಅಲ್ಲಾಡಿದ್ರೂ ಯಾರಿಗೂ ಕೇಳದ ಹೊತ್ತು ಅದು.

ದುಂಡಪ್ಪ ರೊಕ್ಕ ಎಣಿಸಿದ.
ಬಾಳವ್ವ ಇನ್ನೊಮ್ಮೆ ಎಣಿಸಿದಳು.
ಇಬ್ಬರೂ ಮುಖ ನೋಡಲಿಲ್ಲ,
ನೋಟು ನೋಡಿದರು.

ಮೆಟ್ಟಲ ಇಳಿವಾಗ ನಾ ಕೇಳಿದೆ,
ಬಾಳವ್ವಾ, ಯಾವುದು ಮೊದಲ ಹರಿಯೋದು?
ತಪ್ಪು ಕಿವಿಯ ಕಡಿ ಇದ್ದೆ ನಾ.
ಚಾ ಆತು ಯಪ್ಪಾ, ಅಂದಳು,
ಚಪ್ಪಲಿ ಮೆಟ್ಟಿ ಹೋದಳು.

ರಾತ್ರಿ ಪಾಳಿ.
ಲಾಳಿ ಆ ಕಡಿ, ಈ ಕಡಿ.
ಮೊಣಕೈಯಾಗ ನನ್ನ ಅಂಗಿ ಹರದದ್ದು ನೆನಪಾಗಿ
ಬಿಚ್ಚಿ ಟ್ಯೂಬಲೈಟಿಗೆ ಹಿಡದು ನೋಡಿದೆ.
ಒಂದು ಕಡಿ ಎಳಿ ಇನ್ನೂ ಹಂಗೇ ನಿಂತಿದ್ದವು,
ಇನ್ನೊಂದು ಕಡಿದು ಇರಲಿಲ್ಲ.

ಯಾವುದು ಅಂತ ಕಂಡೈತಿ.
ಹೇಳೋದಿಲ್ಲ.
ಪದ ಅಕಿದು.
ಮಂಗಳವಾರ ಬರಲಿ, ಕರೆಂಟ ಹೋಗಲಿ.